ಎಸ್‌ಡಿಎಂಸಿ ಸದಸ್ಯರಾದ ಮೇಲೆ ಏನು ಮಾಡಬೇಕು? ರಾಯಚೂರು, ಕೊಪ್ಪಳ, ಬಳ್ಳಾರಿ ಹಳ್ಳಿಗಳ ಪೋಷಕರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಬಹಳಷ್ಟು ಸರ್ಕಾರಿ ಶಾಲೆಗಳ ಗೋಡೆ ಮೇಲೆ ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲೆ ಕಣ್ಣಿಡುವ ಪೋಷಕರ ಸಮಿತಿಯ ಸದಸ್ಯರ ಹೆಸರು ಬರೆದಿರುತ್ತದೆ. ಅದರಲ್ಲಿ ತಮ್ಮ ಹೆಸರೂ ಇದೆ ಅಂತ ಗೊತ್ತಿಲ್ಲದ ತಾಯಂದಿರಿದ್ದಾರೆ. ಆಗಸ್ಟ್ 15ಕ್ಕೆ ಅಧ್ಯಕ್ಷರ ಕೊರಳಿಗೆ ಒಂದು ಹಾರ ಬೀಳುತ್ತದೆ, ಜನವರಿ 26ಕ್ಕೆ ಇನ್ನೊಂದು. ನಡುವಿನ ತಿಂಗಳುಗಳಲ್ಲಿ ಸಮಿತಿ ಸೇರುವುದೇ ಇಲ್ಲ. ಇದರಿಂದ ನಷ್ಟ ಆಗುವುದು ನಮ್ಮ ಮಕ್ಕಳಿಗೆ.

ಚೆನ್ನಾಗಿ ನಡೆಯುವ ಸಮಿತಿಗಳೂ ಇವೆ. ಅವುಗಳಲ್ಲಿ ಎರಡು ಗುಣ ಎದ್ದು ಕಾಣುತ್ತವೆ. ಒಂದು, ಮಾತಾಡಿದ್ದನ್ನೆಲ್ಲ ಬರೆದಿಡುತ್ತವೆ. ಎರಡು, ಬಿತ್ತನೆ, ಸುಗ್ಗಿ, ಗುಳೆಯ ಲೆಕ್ಕ ನೋಡಿಕೊಂಡು ತಮ್ಮ ಕೆಲಸ ಹೊಂದಿಸಿಕೊಳ್ಳುತ್ತವೆ. ಈ ಬರಹ ಈ ಎರಡನ್ನೇ ಹಿಡಿದು ಜೂನ್‌ನಿಂದ ಮಾರ್ಚ್‌ವರೆಗೆ ಸಾಗುತ್ತದೆ.

ಮೊದಲು ಕಾನೂನು ತಿಳಿದಿರಲಿ

ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಸಲಹೆ ಕೊಟ್ಟ ಮೇಲೆ, 2001ರಲ್ಲಿ ರಾಜ್ಯ ಸರ್ಕಾರ ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗಕ್ಕೆ ಇದನ್ನು ತಂದಿತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅದರ ಸೆಕ್ಷನ್ 21 ನಮಗೆ ಮುಖ್ಯ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಪೋಷಕರಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕ ಜಾಗ ಸಿಗಬೇಕು ಎಂದು ಅದು ಹೇಳುತ್ತದೆ.

ಅದೇ ಸೆಕ್ಷನ್ ಸಮಿತಿಯ ಕೆಲಸವನ್ನೂ ಹೇಳುತ್ತದೆ. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿಗೆ ಹೋಯಿತು ಅಂತ ಗಮನಿಸುವುದು. ಹಾಗಾಗಿ ಲೆಕ್ಕ ಕೇಳಿದ ಸದಸ್ಯರು ಯಾರ ಮೇಲೂ ಅನುಮಾನ ಪಟ್ಟಂತಲ್ಲ. ಕಾಯ್ದೆ ಕೊಟ್ಟ ಕೆಲಸವನ್ನೇ ಅವರು ಮಾಡುತ್ತಿದ್ದಾರೆ.

ಮಾಡಲಾಗದ್ದೂ ಇದೆ. ಶಿಕ್ಷಕರನ್ನು ವರ್ಗ ಮಾಡುವ, ಅಮಾನತು ಮಾಡುವ, ಸಂಬಳ ಹಿಡಿಯುವ ಅಧಿಕಾರ ಸಮಿತಿಗಿಲ್ಲ. ಅದು ಇಲಾಖೆಯದು. ಕೆಲವು ಊರುಗಳಲ್ಲಿ ಅಧ್ಯಕ್ಷರು ತರಗತಿ ಒಳಗೆ ನುಗ್ಗಿ ಮಕ್ಕಳ ಎದುರೇ ಮಾಸ್ತರರನ್ನು ಬೈಯುತ್ತಾರೆ. ಇದು ತಪ್ಪು. ಆ ಮಕ್ಕಳು ನಾಳೆ ಆ ಶಿಕ್ಷಕರ ಮಾತು ಕೇಳುವುದಾದರೂ ಹೇಗೆ?

ಜೂನ್: ಸಮಿತಿ ಕಟ್ಟುವುದು

ನಮ್ಮ ರಾಜ್ಯದಲ್ಲಿ ಪೋಷಕರ ಸಭೆ ಕರೆದು ಸಾಮಾನ್ಯವಾಗಿ 18 ಪೋಷಕ ಸದಸ್ಯರನ್ನು ಆರಿಸುತ್ತಾರೆ. ಅಧ್ಯಕ್ಷರು, ಉಪಾಧ್ಯಕ್ಷರು ಈ ಪೋಷಕರಲ್ಲೇ ಒಬ್ಬರಾಗಿರಬೇಕು. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಅಧ್ಯಕ್ಷರಾಗುವವರ ಮಗು ಆ ಶಾಲೆಯಲ್ಲೇ ಓದುತ್ತಿರಬೇಕು ಅನ್ನುವುದನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳಿ. ತಮ್ಮ ಮಕ್ಕಳನ್ನು ಪೇಟೆಯ ಕಾನ್ವೆಂಟಿಗೆ ಕಳಿಸುವವರು ಊರ ಶಾಲೆಯ ಅಧ್ಯಕ್ಷಗಿರಿಗೆ ಬಂದು ನಿಂತರೆ ಒಪ್ಪಬೇಡಿ.

ಸಭೆಯ ಸುದ್ದಿ ಎಲ್ಲರಿಗೂ ಮುಟ್ಟಬೇಕು. ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಿದರೆ ಸಾಲದು. ಡಂಗುರ ಹೊಡೆಸಿ, ಗುಡಿಯ ಮೈಕಿನಲ್ಲಿ, ಮಸೀದಿಯ ಮೈಕಿನಲ್ಲಿ ಹೇಳಿಸಿ. ತಾಂಡಾ, ಹಟ್ಟಿ, ಕ್ಯಾಂಪುಗಳಿಗೆ ಒಬ್ಬರನ್ನು ಕಳಿಸಿ. ಮಕ್ಕಳ ಕೈಲಿ ಚೀಟಿ ಕೊಟ್ಟು ಮನೆಯವರ ಸಹಿ ಇಲ್ಲವೇ ಹೆಬ್ಬೆಟ್ಟು ತರಿಸಿ. ಆ ಚೀಟಿಗಳನ್ನು ಜೋಪಾನವಾಗಿಡಿ. ಮುಂದೆ ಯಾರಾದರೂ ‘ನಮಗೆ ಹೇಳಲೇ ಇಲ್ಲ’ ಅಂದರೆ ತೋರಿಸಬಹುದು.

ಸಮಿತಿ ಊರ ಗೌಡರ ಕಟ್ಟೆಯ ಮೇಲೆ ತೀರ್ಮಾನವಾಗುವ ರೂಢಿ ಇನ್ನೂ ಕೆಲವು ಕಡೆ ಉಳಿದಿದೆ. ಎರಡು ಪಾರ್ಟಿಗಳು ಕೂತು ಹೆಸರು ಹಂಚಿಕೊಳ್ಳುತ್ತವೆ. ದಲಿತ ಕೇರಿಯ ತಾಯಿಯ ಹೆಸರು ಪಟ್ಟಿಯಲ್ಲಿರುತ್ತದೆ, ಸಭೆಗೆ ಕರೆ ಮಾತ್ರ ಹೋಗುವುದಿಲ್ಲ. ಇದನ್ನು ತಡೆಯಲು ಆಯ್ಕೆ ಶಾಲೆಯ ಅಂಗಳದಲ್ಲೇ, ಎಲ್ಲರ ಮುಂದೆ ಆಗಬೇಕು. ಒಮ್ಮತ ಆಗದಿದ್ದರೆ ಕೈ ಎತ್ತಿಸಿ ಎಣಿಸಿ, ಎಣಿಕೆಯನ್ನು ಬರೆದುಕೊಳ್ಳಿ.

ಮೊದಲ ತಿಂಗಳಲ್ಲೇ ಪುಸ್ತಕಗಳನ್ನು ನೋಡಿ

ಹೊಸ ಸಮಿತಿ ಮೊದಲು ಕೇಳಬೇಕಾದ್ದು ಇವು: ಹಿಂದಿನ ನಡಾವಳಿ ಪುಸ್ತಕ, ನಗದು ಪುಸ್ತಕ, ದಾಸ್ತಾನು ವಹಿ, ಬ್ಯಾಂಕ್ ಖಾತೆಯ ವಿವರ, ಮಕ್ಕಳ ಮತ್ತು ಶಿಕ್ಷಕರ ಹಾಜರಿ, ಬಿಸಿಯೂಟದ ವಹಿ, ಅಧಿಕಾರಿಗಳು ಬಂದುಹೋದ ಭೇಟಿ ಪುಸ್ತಕ. ಭೇಟಿ ಪುಸ್ತಕವನ್ನು ನಿಧಾನವಾಗಿ ಓದಿ. ‘ಹೆಣ್ಣುಮಕ್ಕಳ ಶೌಚಾಲಯ ಬಳಕೆಯಲ್ಲಿಲ್ಲ, ಕೂಡಲೇ ಸರಿಪಡಿಸುವುದು’ ಅಂತ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಹಿಂದೆಯೇ ಬರೆದು ಹೋಗಿದ್ದರೆ, ನಿಮ್ಮ ಮುಂದಿನ ಅರ್ಜಿಗೆ ಅದೇ ದೊಡ್ಡ ಆಧಾರ.

ಓದು ಬಾರದ ಸದಸ್ಯರು ಹಿಂಜರಿಯಬೇಕಿಲ್ಲ. ಏಳನೇ ತರಗತಿ ಓದುವ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿಸಿ. ಅರ್ಥ ಆಗುವವರೆಗೆ ಸಹಿ ಹಾಕಬೇಡಿ.

ನಿಮ್ಮ ಶಾಲೆಗೆ ಯುಡೈಸ್ ಸಂಖ್ಯೆ ಅಂತ 11 ಅಂಕಿಯ ಗುರುತು ಇರುತ್ತದೆ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಆ ಸಂಖ್ಯೆ ಹಾಕಿದರೆ ಯುಡೈಸ್ ಪ್ಲಸ್ ಜಾಲತಾಣದಲ್ಲಿ ನಿಮ್ಮ ಶಾಲೆಯ ಕೊಠಡಿ, ಶೌಚಾಲಯ, ಕುಡಿಯುವ ನೀರು, ಶಿಕ್ಷಕರ ವಿವರ ಸಿಗುತ್ತದೆ. ಅಲ್ಲಿ ಬರೆದದ್ದಕ್ಕೂ ನೆಲದ ಮೇಲೆ ಇರುವುದಕ್ಕೂ ತಾಳೆ ನೋಡಿ. ದಾಖಲೆಯಲ್ಲಿ ಶೌಚಾಲಯ ಚೆನ್ನಾಗಿದೆ ಅಂತಿದ್ದರೆ ಹೊಸದಕ್ಕೆ ದುಡ್ಡು ಬರುವುದು ಕಷ್ಟ. ತಪ್ಪಿದ್ದರೆ ಮುಖ್ಯ ಶಿಕ್ಷಕರಿಗೆ ಹೇಳಿ ಸರಿ ಮಾಡಿಸಿ.

ಸಭೆ ಯಾವಾಗ, ನಡಾವಳಿ ಹೇಗೆ

ತಿಂಗಳಿಗೊಂದು ಸಭೆ ಬೇಕೇ ಬೇಕು. ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಕೂಲಿಗೆ ಹೋಗುವ ತಾಯಿ ಬರುವುದಿಲ್ಲ. ಬಂದರೆ ಆ ದಿನದ ಕೂಲಿ ಹೋಯಿತು. ಸಿಂಧನೂರು, ಕಾರಟಗಿ, ಗಂಗಾವತಿಯ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿ ಇದ್ದಾಗ ಹೆಣ್ಣುಮಕ್ಕಳು ನಸುಕಿನಲ್ಲೇ ಹೊರಡುತ್ತಾರೆ. ಕುಷ್ಟಗಿ, ಯಲಬುರ್ಗಾ, ದೇವದುರ್ಗದ ಕಡೆ ಹತ್ತಿ ಬಿಡಿಸುವ ಕಾಲಕ್ಕೂ ಇದೇ ಪಾಡು.

ನನ್ನ ಸಲಹೆ ಇಷ್ಟು. ಅಮಾವಾಸ್ಯೆಯ ದಿನ ಎತ್ತು ಹೂಡದ ಊರುಗಳು ನಮ್ಮಲ್ಲಿ ಜಾಸ್ತಿ. ತಿಂಗಳಿಗೆ ಒಮ್ಮೆ ತಾನಾಗೇ ಬರುವ ದಿನ ಅದು, ಯಾರಿಗೂ ನೆನಪಿಸಬೇಕಿಲ್ಲ. ಆ ದಿನ ಶಾಲೆಯ ವೇಳೆಯಲ್ಲೇ ಸಭೆ ಇಡಿ. ಶಿಕ್ಷಕರೂ ಇರುತ್ತಾರೆ, ಪೋಷಕರೂ ಸಿಗುತ್ತಾರೆ. ಅಮಾವಾಸ್ಯೆ ಹಬ್ಬಕ್ಕೋ ಭಾನುವಾರಕ್ಕೋ ಬಂದರೆ ಹಿಂದಿನ ದಿನ ಸಂಜೆಗೆ ಒಯ್ಯಿರಿ.

ನಡಾವಳಿಯಲ್ಲಿ ‘ಶಾಲೆಯ ಅಭಿವೃದ್ಧಿ ಬಗ್ಗೆ ಚರ್ಚಿಸಲಾಯಿತು’ ಅಂತ ಬರೆದು ಮುಗಿಸುವುದು ಬೇಡ. ಅದರಿಂದ ಏನೂ ಆಗುವುದಿಲ್ಲ. ಹೀಗೆ ಬರೆಯಿರಿ:

‘ವಿಷಯ: ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು. ಚರ್ಚೆ: ಪೈಪ್ ಒಡೆದಿದೆ, ಮಕ್ಕಳು ಬಯಲಿಗೆ ಹೋಗುತ್ತಿದ್ದಾರೆ ಎಂದು ಸದಸ್ಯರು ತಿಳಿಸಿದರು. ತೀರ್ಮಾನ: ಪೈಪ್ ದುರಸ್ತಿಯನ್ನು ಶಾಲಾ ಅನುದಾನದಲ್ಲಿ ಮಾಡಿಸುವುದು. ಸಿಂಟೆಕ್ಸ್ ಟ್ಯಾಂಕಿಗಾಗಿ ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಡುವುದು. ಜವಾಬ್ದಾರಿ: ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರು. ಗಡುವು: ಮುಂದಿನ ಸಭೆ.’

ಬರೆದದ್ದನ್ನು ಸಭೆ ಮುಗಿಯುವ ಮೊದಲು ಜೋರಾಗಿ ಓದಿ, ಆಮೇಲೆ ಸಹಿ ಹಾಕಿಸಿ. ಖಾಲಿ ಹಾಳೆಗೆ ಮೊದಲೇ ಸಹಿ ತೆಗೆದುಕೊಂಡು ನಂತರ ಬರೆಯುವ ಚಾಳಿ ಎಲ್ಲಿದ್ದರೂ ನಿಲ್ಲಿಸಿ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆಯಿರಿ. ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮುಂದಿನ ಸಭೆಯ ಮೊದಲ ವಿಷಯ ಯಾವಾಗಲೂ ಒಂದೇ: ಹೋದ ಸಲ ತೀರ್ಮಾನಿಸಿದ್ದು ಆಯಿತಾ, ಇಲ್ಲವಾ?

ದುಡ್ಡಿನ ಲೆಕ್ಕ

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಪ್ರತಿ ಶಾಲೆಗೆ ವರ್ಷಕ್ಕೊಂದು ಸಂಯುಕ್ತ ಅನುದಾನ ಇದೆ. ಯೋಜನೆಯ ಮಾನದಂಡದಂತೆ 30ರವರೆಗೆ ಮಕ್ಕಳಿದ್ದರೆ 10 ಸಾವಿರ ರೂಪಾಯಿ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, ಸಾವಿರದವರೆಗೆ 75 ಸಾವಿರ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಹೋಗಬೇಕು. ಗ್ರಂಥಾಲಯಕ್ಕೆ, ಆಟದ ಸಾಮಾನಿಗೆ ಬೇರೆ ದುಡ್ಡು ಬರುತ್ತದೆ. ಪ್ರತಿ ಸಭೆಯಲ್ಲೂ ಮೂರೇ ಪ್ರಶ್ನೆ ಕೇಳಿ. ಈ ತಿಂಗಳು ಎಷ್ಟು ಬಂತು? ಎಷ್ಟು ಖರ್ಚಾಯಿತು? ರಸೀದಿ ಎಲ್ಲಿ?

ಖಾತೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಹೆಸರಿನಲ್ಲಿರುತ್ತದೆ. ಹಾಗಾಗಿ ಅಧ್ಯಕ್ಷರಾದವರು ಖಾಲಿ ಚೆಕ್ಕಿಗೆ ಸಹಿ ಹಾಕಲೇಬಾರದು. ‘ಸರ್ ಬ್ಯಾಂಕಿಗೆ ಹೊರಟಿದ್ದಾರೆ, ಅರ್ಜೆಂಟ್ ಇದೆ’ ಅಂದರೂ ಹಾಕಬಾರದು. ನಾಳೆ ಆಡಿಟ್‌ನಲ್ಲಿ ತಕರಾರು ಬಂದರೆ ಇಬ್ಬರೂ ಉತ್ತರ ಕೊಡಬೇಕಾಗುತ್ತದೆ. ಒಳ್ಳೆಯ ಮುಖ್ಯ ಶಿಕ್ಷಕರು ಈ ಶಿಸ್ತನ್ನು ತಾವೇ ಬಯಸುತ್ತಾರೆ, ಅವರಿಗೂ ಅದರಿಂದ ರಕ್ಷಣೆ.

ಶೂ ಮತ್ತು ಸಾಕ್ಸ್ ಖರೀದಿಯೂ ಎಸ್‌ಡಿಎಂಸಿ ಮೂಲಕವೇ ಆಗುತ್ತದೆ. ಕೆಲ ವರ್ಷಗಳಿಂದ ನಡೆದುಬಂದ ದರ 1ರಿಂದ 5ನೇ ತರಗತಿಗೆ ಒಂದು ಮಗುವಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325. ಅದರಲ್ಲಿ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಬರಬೇಕು. ಆಯಾ ವರ್ಷದ ಆದೇಶ ಓದಿ ದರ ಖಚಿತ ಮಾಡಿಕೊಳ್ಳಿ. ಮಕ್ಕಳ ಪಾದದ ಅಳತೆ ತೆಗೆಯದೆ ಮೂಟೆಗಟ್ಟಲೆ ತಂದುಹಾಕಿದರೆ ಅರ್ಧ ಶೂ ಮನೆಯ ಮೂಲೆ ಸೇರುತ್ತವೆ. ಮೊದಲು ಅಳತೆ ಪಟ್ಟಿ, ಆಮೇಲೆ ಮೂರು ಅಂಗಡಿಯಿಂದ ದರಪಟ್ಟಿ, ಆಮೇಲೆ ಖರೀದಿ.

ಬಿಸಿಯೂಟ: ತಕ್ಕಡಿ ಹಿಡಿದು ನೋಡಿ

ಅಕ್ಷರ ದಾಸೋಹ ಶುರುವಾಗಿದ್ದೇ ನಮ್ಮ ಭಾಗದಿಂದ. 2002ರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ ಉತ್ತರದ ಜಿಲ್ಲೆಗಳಲ್ಲಿ ಮೊದಲು ಬಂತು. 2021ರ ಡಿಸೆಂಬರ್‌ನಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗಲೂ ಈ ಭಾಗಕ್ಕೇ ಮೊದಲು ಕೊಟ್ಟರು, ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚು ಅನ್ನುವ ಕಾರಣಕ್ಕೆ. ಬೆಳಿಗ್ಗೆ ಉಣ್ಣದೆ ಶಾಲೆಗೆ ಬರುವ ಮಗುವಿಗೆ ಮಧ್ಯಾಹ್ನದ ಊಟವೇ ದಿನದ ದೊಡ್ಡ ಊಟ. ಇದರ ಮೇಲೆ ಕಣ್ಣಿಡುವುದು ಸಮಿತಿಯ ಬಹಳ ದೊಡ್ಡ ಕೆಲಸ ಅಂತ ನಾನು ನಂಬಿದ್ದೇನೆ.

ಲೆಕ್ಕ ಸುಲಭ. 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಇವತ್ತು ಚಿಕ್ಕ ತರಗತಿಗಳಲ್ಲಿ 80, ದೊಡ್ಡ ತರಗತಿಗಳಲ್ಲಿ 50 ಮಕ್ಕಳು ಬಂದಿದ್ದಾರೆ ಅಂದುಕೊಳ್ಳಿ. ಅಕ್ಕಿ 8 ಕಿಲೊ ಮತ್ತು 7.5 ಕಿಲೊ, ಒಟ್ಟು 15.5 ಕಿಲೊ. ಬೇಳೆ 3.1 ಕಿಲೊ. ತರಕಾರಿ 7.75 ಕಿಲೊ. ಸಾರಿನಲ್ಲಿ ನಾಲ್ಕು ಟೊಮೆಟೊ ತೇಲುತ್ತಿದ್ದರೆ ಎಲ್ಲಿ ಕಡಿಮೆಯಾಯಿತು ಅಂತ ಕೇಳಬಹುದು.

ಸದಸ್ಯರು ಪಾಳಿ ಹಾಕಿಕೊಳ್ಳಿ. ದಿನಾ ಯಾರಾದರೂ ಒಬ್ಬ ತಾಯಿ ಊಟದ ಹೊತ್ತಿಗೆ ಹೋಗಿ, ರುಚಿ ನೋಡಿ, ವಹಿಯಲ್ಲಿ ಸಹಿ ಹಾಕಿ ಬರಲಿ. ಮೊಟ್ಟೆ ಕೊಡುವ ದಿನ ಎಣಿಕೆ ನೋಡಲಿ. ಯಾವ ಮಗುವನ್ನೂ ಜಾತಿ ನೋಡಿ ಬೇರೆ ಸಾಲಿನಲ್ಲಿ ಕೂರಿಸುತ್ತಿಲ್ಲ ಅನ್ನುವುದನ್ನು ಅದೇ ತಾಯಿ ನೋಡಲಿ. ಇನ್ನೊಂದು ಮಾತು. ಅಡುಗೆ ಮಾಡುವ ಅಕ್ಕಂದಿರು ಬಹಳ ಕಡಿಮೆ ದುಡ್ಡಿಗೆ ದುಡಿಯುತ್ತಾರೆ. ಬೇಳೆ ಬಂದಿಲ್ಲ ಅಂದರೆ ಅದು ಅವರ ತಪ್ಪಲ್ಲ, ಅವರನ್ನು ಗದರಿಸಬೇಡಿ. ದಾಸ್ತಾನು ವಹಿ ತೆಗೆಸಿ ನೋಡಿ.

ಕುಡಿಯುವ ನೀರಿನ ಬಗ್ಗೆ ಚುಟುಕಾಗಿ. ನಮ್ಮ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಮಕ್ಕಳಿಗೆ ಬೇಡ. ಶಾಲೆಯ ನೀರನ್ನು ಪರೀಕ್ಷೆ ಮಾಡಿಸಿ ವರದಿ ಕೊಡಿ ಅಂತ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಿಗೆ ಬರವಣಿಗೆಯಲ್ಲಿ ಕೇಳಿ.

ದಸರೆಗೆ ಮೊದಲು ಗುಳೆಯ ಪಟ್ಟಿ

ಬೇರೆ ಜಿಲ್ಲೆಯ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದಿಲ್ಲ. ನಮಗೆ ಇದು ಇಲ್ಲದೆ ಆಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ದೀಪಾವಳಿ ಹೊತ್ತಿಗೇ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರಿನ ಕಟ್ಟಡ ಕೆಲಸ, ಮಹಾರಾಷ್ಟ್ರ, ಗೋವಾ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಯುಗಾದಿಗೆ ವಾಪಸ್ ಬಂದಾಗ ಪಾಠ ಮುಗಿದಿರುತ್ತದೆ. ಎರಡು ವರ್ಷ ಹೀಗಾದರೆ ಮಗು ಮತ್ತೆ ಶಾಲೆಯ ಕಡೆ ಮುಖ ಮಾಡುವುದಿಲ್ಲ.

ದಸರೆ ರಜೆಗೆ ಮೊದಲು ಸದಸ್ಯರು ಓಣಿ ಹಂಚಿಕೊಂಡು ಮನೆ ಮನೆಗೆ ಹೋಗಿ. ಕೇಳುವುದು ಮೆಲ್ಲಗೆ, ಗೌರವದಿಂದ. ‘ಯಕ್ಕಾ, ಈ ಸಲ ದುಡಿಯಾಕ ಹೋಗ್ತೀರೇನು? ಮಕ್ಕಳನ್ನ ಯಾರ ಹತ್ರ ಬಿಡ್ತೀರಿ?’ ಹೊಟ್ಟೆಪಾಡಿಗೆ ಹೋಗುವವರಿಗೆ ಬುದ್ಧಿ ಹೇಳಲು ಹೋಗಬೇಡಿ. ಪಟ್ಟಿ ಮಾಡಿ: ಯಾವ ಮನೆ, ಯಾವ ಮಗು, ಯಾವ ತರಗತಿ, ಯಾವ ಊರಿಗೆ, ಯಾವಾಗ.

ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಮಗು ಇಲ್ಲೇ ಉಳಿಯಬಹುದು. ಆ ಮಗುವಿನ ಮೇಲೆ ಪಕ್ಕದ ಮನೆಯ ಸದಸ್ಯರೊಬ್ಬರು ನಿಗಾ ಇಡಲಿ. ಯಾರೂ ಇಲ್ಲದಿದ್ದರೆ ಹಾಸ್ಟೆಲ್ ಅಥವಾ ಋತುಮಾನದ ವಸತಿ ವ್ಯವಸ್ಥೆಗಾಗಿ ಪಟ್ಟಿಯನ್ನು ನಡಾವಳಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಕೊಡಿ. ಜನ ಹೊರಟುಹೋದ ಮೇಲೆ ಕೊಟ್ಟರೆ ಉಪಯೋಗವಿಲ್ಲ. ಜೊತೆಗೇ ಕರೆದುಕೊಂಡು ಹೋಗುವುದಾದರೆ ತಂದೆತಾಯಿಗೆ ಒಂದು ಚೀಟಿ ಕೊಡಿ. ಅದರಲ್ಲಿ ಮಗುವಿನ ತರಗತಿ, ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಮುಖ್ಯ ಶಿಕ್ಷಕರ ಫೋನ್ ಇರಲಿ. ಕಾಯ್ದೆಯ ಸೆಕ್ಷನ್ 5ರಂತೆ ಮಗು ಇನ್ನೊಂದು ಸರ್ಕಾರಿ ಶಾಲೆಗೆ ಹೋಗಬಹುದು. ವರ್ಗಾವಣೆ ಪತ್ರ ತಡವಾಯಿತು ಅಂತ ಅಲ್ಲಿ ಸೇರಿಸಿಕೊಳ್ಳದೆ ಇರುವಂತಿಲ್ಲ. ಇದನ್ನು ಆ ಚೀಟಿಯಲ್ಲೇ ಬರೆದುಕೊಡಿ.

ಊರಲ್ಲೇ ಇದ್ದು ತಪ್ಪಿಸಿಕೊಳ್ಳುವ ಮಕ್ಕಳೂ ಇದ್ದಾರೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಟಂಟಂ ತುಂಬ ಮಕ್ಕಳು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಹೇಳದೆ ಕೇಳದೆ ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಅಂತಲೇ ತಿಳಿದು ಮನೆಗೆ ಹೋಗಬೇಕು. ಮಕ್ಕಳನ್ನು ಕೂಲಿಗೆ ಒಯ್ಯುವವರ ಜೊತೆ ಊರ ಹಿರಿಯರಿಂದ ಮಾತಾಡಿಸಿ. ಬಗ್ಗದಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ. ಎಂಟನೇ ತರಗತಿಯ ಹೆಣ್ಣುಮಗಳು ದಿಢೀರ್ ಅಂತ ಬರುವುದು ನಿಲ್ಲಿಸಿದರೆ ಏಳು ದಿನವೂ ಕಾಯಬೇಡಿ. ಮದುವೆಯ ಮಾತುಕತೆ ನಡೆದಿರಬಹುದು.

ಶಿಕ್ಷಕರು ಮತ್ತು ಕಲಿಕೆ

ಕಾಯ್ದೆಯಂತೆ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು ಇರಬೇಕು. ವರ್ಷಕ್ಕೆ ಕನಿಷ್ಠ 200 ದಿನ ಪಾಠ, 6ರಿಂದ 8ಕ್ಕೆ 220 ದಿನ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಹುದ್ದೆ ಖಾಲಿ ಇದ್ದರೆ ಜೂನ್ ಸಭೆಯಲ್ಲೇ ನಡಾವಳಿ ಮಾಡಿ ಅತಿಥಿ ಶಿಕ್ಷಕರನ್ನು ಕೇಳಿ.

ಹಾಜರಿ ನೋಡುವುದಷ್ಟೇ ಮೇಲುಸ್ತುವಾರಿ ಅಲ್ಲ. ನಾಲ್ಕನೇ ತರಗತಿಯ ಮಗು ಎರಡನೇ ತರಗತಿಯ ಪುಸ್ತಕ ಓದುತ್ತದಾ? ಎರಡಂಕಿಯ ಕಳೆಯುವ ಲೆಕ್ಕ ಬರುತ್ತದಾ? ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಇದಕ್ಕೇ ಇದೆ. ಆ ದಿನ ಭಾಷಣ ಕಡಿಮೆ ಮಾಡಿಸಿ. ಮಕ್ಕಳು ತಮ್ಮ ತಾಯಂದಿರ ಮುಂದೆ ಓದಲಿ, ಲೆಕ್ಕ ಮಾಡಿ ತೋರಿಸಲಿ. ಹಿಂದೆ ಬಿದ್ದ ಮಕ್ಕಳಿಗೆ ಏನು ಮಾಡೋಣ ಅಂತ ಶಿಕ್ಷಕರನ್ನೇ ಕೇಳಿ. ಅವರಿಗೆ ಬೇಕಾದ ಸಾಮಾನು, ಸಮಯ ಒದಗಿಸುವುದು ನಿಮ್ಮ ಪಾಲು. ಹೊಡೆಯುವುದಕ್ಕೆ ಮಾತ್ರ ಯಾವ ಕಾರಣಕ್ಕೂ ಒಪ್ಪಿಗೆ ಕೊಡಬೇಡಿ. ಸೆಕ್ಷನ್ 17 ಅದನ್ನು ನಿಷೇಧಿಸಿದೆ.

ಡಿಸೆಂಬರ್: ಶಾಲಾ ಅಭಿವೃದ್ಧಿ ಯೋಜನೆ

ಹಣಕಾಸು ವರ್ಷ ಮುಗಿಯುವ ಮೂರು ತಿಂಗಳು ಮೊದಲೇ ಯೋಜನೆ ತಯಾರಾಗಬೇಕು. ಮೂರು ವರ್ಷದ ಯೋಜನೆ, ಅದರೊಳಗೆ ಒಂದೊಂದು ವರ್ಷದ ಪಾಲು. ಮುಂದೆ ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು, ಎಷ್ಟು ಕೊಠಡಿ ಬೇಕು, ಅದಕ್ಕೆ ಎಷ್ಟು ದುಡ್ಡು ಅಂತ ಬರೆಯಬೇಕು. ಇಪ್ಪತ್ತು ಬೇಡಿಕೆ ಬರೆಯುವ ಬದಲು ಮೂರನ್ನು ಆರಿಸಿ, ಪ್ರತಿಯೊಂದಕ್ಕೂ ಫೋಟೊ ಮತ್ತು ನಡಾವಳಿ ಲಗತ್ತಿಸಿ.

ದುಡ್ಡಿನ ಮೂಲಗಳು ಬೇರೆ ಬೇರೆ. ಸಣ್ಣ ದುರಸ್ತಿಗೆ ಶಾಲಾ ಅನುದಾನ. ಕಾಂಪೌಂಡ್, ಶೌಚಾಲಯ, ನೀರಿಗೆ ಗ್ರಾಮ ಪಂಚಾಯ್ತಿ. ಉದ್ಯೋಗ ಖಾತ್ರಿಯಲ್ಲಿ ಕಾಂಪೌಂಡ್, ಆಟದ ಮೈದಾನ ಮಾಡಿಸಿಕೊಂಡ ಶಾಲೆಗಳು ನಮ್ಮಲ್ಲೇ ಇವೆ. ಕೊಠಡಿಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಜಿಲ್ಲೆಗಳಿಗೆ ಸಿಕ್ಕ ದಾರಿ ಇದು. ಬಿಇಒ ಮೂಲಕ ಒಂದು ಪ್ರಸ್ತಾವ ಹೋಗಲಿ, ಶಾಸಕರಿಗೂ ಅದರ ಪ್ರತಿ ಮುಟ್ಟಲಿ. ಸಂಡೂರಿನಂಥ ಗಣಿ ಪ್ರದೇಶದವರು ಜಿಲ್ಲಾ ಖನಿಜ ನಿಧಿಯನ್ನೂ ಕೇಳಬಹುದು. ಗಣಿಯಿಂದ ತೊಂದರೆಗೊಳಗಾದ ಊರುಗಳ ಶಿಕ್ಷಣಕ್ಕೆ ಅದನ್ನು ಬಳಸಲು ಅವಕಾಶವಿದೆ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಕೇಳಿದರೆ ಪಂಚಾಯ್ತಿ ದಾಖಲೆಗೂ ಸೇರುತ್ತದೆ.

ಕೆಲಸ ಆಗದಿದ್ದರೆ

ಮೊದಲು ಮುಖ್ಯ ಶಿಕ್ಷಕರು, ಆಮೇಲೆ ಸಿಆರ್‌ಪಿ, ಬಿಇಒ, ನಂತರ ಜಿಲ್ಲೆಯ ಉಪನಿರ್ದೇಶಕರು. ಪಂಚಾಯ್ತಿ ಕೆಲಸಕ್ಕೆ ಪಿಡಿಒ, ತಾಲ್ಲೂಕು ಪಂಚಾಯ್ತಿ ಇಒ, ಜಿಲ್ಲಾ ಪಂಚಾಯ್ತಿ ಸಿಇಒ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಟಪಾಲು ಶಾಖೆಯ ಸೀಲು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ. ಅರ್ಜಿಗೆ ನಡಾವಳಿಯ ಪ್ರತಿ ಸೇರಿಸಿ. ಒಬ್ಬರ ದೂರು ಬೇರೆ, 18 ಜನರ ತೀರ್ಮಾನದ ತೂಕವೇ ಬೇರೆ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ‘ನಮ್ಮ ಅರ್ಜಿಯ ಮೇಲೆ ಏನು ಕ್ರಮ ಆಗಿದೆ’ ಅಂತ ಕೇಳಿ. ಬಿಪಿಎಲ್ ಕಾರ್ಡು ಇದ್ದವರಿಗೆ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ. ಮಕ್ಕಳ ಹಕ್ಕಿಗೇ ಧಕ್ಕೆ ಆಗಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 32ರಂತೆ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಅದು ಒಪ್ಪಿಗೆ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಈ ಮೆಟ್ಟಿಲು ಯಾವುದೂ ಬೇಡ. ನೇರವಾಗಿ ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಬೇಕು. ಊರಲ್ಲೇ ರಾಜಿ ಮಾಡಿಸುವುದು ಅಪರಾಧವನ್ನು ಮುಚ್ಚಿಟ್ಟಂತೆ.

ಅವಧಿ ಮುಗಿದಾಗ

ಮೂರು ವರ್ಷ ಆದ ಮೇಲೆ ಅಥವಾ ಅಧ್ಯಕ್ಷರ ಮಗು ಶಾಲೆ ಬಿಟ್ಟ ಮೇಲೆ ಕುರ್ಚಿ ಬಿಡಬೇಕು. ಬಿಡುವ ದಿನ ಒಂದು ಕೊನೆಯ ಸಭೆ ಕರೆಯಿರಿ. ಖಾತೆಯಲ್ಲಿ ಉಳಿದ ದುಡ್ಡು, ಅರ್ಧಕ್ಕೆ ನಿಂತ ಕೆಲಸ, ಉತ್ತರ ಬಾರದ ಅರ್ಜಿಗಳು, ಗುಳೆಯ ಪಟ್ಟಿ, ಎಲ್ಲವನ್ನೂ ಬರೆದು ಹೊಸಬರಿಂದ ಸಹಿ ಪಡೆದು ಒಪ್ಪಿಸಿ. ಬ್ಯಾಂಕಿನಲ್ಲಿ ಸಹಿ ಬದಲಾಗಲು ನಡಾವಳಿಯ ಪ್ರತಿ, ಹೊಸ ಅಧ್ಯಕ್ಷರ ಗುರುತಿನ ದಾಖಲೆ, ಫೋಟೊ ಕೇಳುತ್ತಾರೆ. ಅದೇ ವಾರ ಹೋಗಿ ಮುಗಿಸಿ. ಸಹಿ ಬದಲಾಗುವ ತನಕ ಹಳೆಯ ಅಧ್ಯಕ್ಷರು ಯಾವ ಚೆಕ್ಕಿಗೂ ಸಹಿ ಹಾಕುವುದು ಬೇಡ.